ಎಂಟೂರಿನ ಹುಡುಗ

ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ನಾನು ಬರೆಯುತ್ತೇನೆ ಅಂದರೆ ಮನೆಯಲ್ಲೇ ಯಾರೂ ನಂಬುವುದಿಲ್ಲ. ಓದಿದ್ದು ಬಿಕಾಂ, ಮಾಡುತ್ತಿರುವುದು ಬ್ಯಾಂಕಿನ ಕೆಲಸ, ಎತ್ತರ ಐದಡಿ ಐದಿಂಚು. ಬ್ಯಾಸ್ಕೆಟ್‌ಬಾಲಿಗೂ ನನಗೂ ಎಲ್ಲಿಯ ಸಂಬಂಧ ಹೇಳಿ! ಆದರೆ 2022ರಿಂದ ಮೂರು ವರ್ಷ ನಮ್ಮ ಡೊಂಬಿವಲಿಯ ಮನೆಯಲ್ಲಿ ಬೆಳಗಿನ ತಿಂಡಿಯ ಜೊತೆಗೇ ಅಮೆರಿಕದ ಎನ್‌ಬಿಎ ಪಂದ್ಯಗಳೂ ಬರುತ್ತಿದ್ದವು. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಏಳೂವರೆಗೆ ಶುರುವಾದ ಆಟ ಇಲ್ಲಿ ಬೆಳಿಗ್ಗೆ ಎಂಟಕ್ಕೋ ಒಂಬತ್ತಕ್ಕೋ ಕಾಣಿಸುತ್ತದೆ. ವಾರದ ದಿನಗಳಲ್ಲಿ ಮೊದಲ ಹತ್ತು ನಿಮಿಷ ನೋಡಿ ಲೋಕಲ್ ಹಿಡಿಯಲು ಓಡುವುದು, ಭಾನುವಾರವಾದರೆ ಪೂರ್ತಿ.

ಇದಕ್ಕೆಲ್ಲ ಕಾರಣ ನನ್ನ ಸೋದರಳಿಯ. ತಂಗಿಯ ಮಗ. ತಂಗಿ ದಿಲ್ಲಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಗ ಜೊತೆಗೆ ಕೆಲಸ ಮಾಡುತ್ತಿದ್ದ ಮಿಜೋರಾಂನ ಹುಡುಗನನ್ನು ಮದುವೆಯಾದಳು. ಆ ಕಾಲಕ್ಕೆ ಊರಿನಲ್ಲಿ ಆದ ರಾದ್ಧಾಂತವನ್ನು ಇಲ್ಲಿ ಬರೆಯುವುದಿಲ್ಲ, ಅದೇ ಒಂದು ಪುಸ್ತಕವಾದೀತು. ಹುಡುಗ ಹುಟ್ಟಿದ್ದು, ಬೆಳೆದದ್ದು ದಿಲ್ಲಿ. ಕಾಲೇಜಿಗೆ ಅಂತ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿದ್ದ. ಮುಖ ಪೂರ್ತಿ ಅಪ್ಪನದು. ಮಾತು ಮಾತ್ರ ಪೂರ್ತಿ ನಮ್ಮದು, ಅದೂ ಶುದ್ಧ ಕುಂದಾಪ್ರ ಕನ್ನಡ! ತಂಗಿಗೆ ಗೊತ್ತಿದ್ದ ಕನ್ನಡ ಅದೊಂದೇ, ಅದನ್ನೇ ಮಗನಿಗೂ ಕೊಟ್ಟಳು. ಇಲ್ಲಿಯ ಕನ್ನಡಿಗರ ಒಂದು ಸಮಾರಂಭಕ್ಕೆ ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ಇವನು "ಹ್ವಾಯ್, ನೀವ್ ಇಲ್ಲ್ ಕೂಕಣಿ" ಅಂದ. ಆ ಹಿರಿಯರು ಕೂರುವುದನ್ನೇ ಮರೆತು ಇವನ ಮುಖ ನೋಡುತ್ತಾ ನಿಂತುಬಿಟ್ಟರು.

ಅವನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಇತ್ತು. ಕಪ್ಪು ಹುಡುಗ, ಬಿಳಿ ಅಂಗಿ, ಅಂಗಿಯ ಮೇಲೆ ಜಪಾನ್ ಎಂಬ ಹೆಸರು. ನನಗೆ ಅರ್ಥವಾಗಲಿಲ್ಲ, ಕೇಳಿದೆ.

"ಮಾವ, ಇವ ರುಯಿ ಹಾಚಿಮುರ. ಅಮ್ಮ ಜಪಾನಿನವ್ರ್, ಅಪ್ಪ ಆಫ್ರಿಕಾದವ್ರ್. ನನ್ನ್ ಹಾಂಗೇ" ಅಂದ.

ನನ್ನ ಹಾಗೇ ಅಂದದ್ದು ಯಾಕೋ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ನಾನೂ ಓದಲು ಶುರು ಮಾಡಿದೆ, ಬ್ಯಾಲೆನ್ಸ್ ಶೀಟ್ ಓದಿದ ಹಾಗೆ ಒಂದೊಂದೇ ಸಾಲು.

ರುಯಿ ಹುಟ್ಟಿದ್ದು 1998ರ ಫೆಬ್ರವರಿ 8ರಂದು, ತೊಯಾಮಾದಲ್ಲಿ. ಜಪಾನಿನ ಪಶ್ಚಿಮದ ಕರಾವಳಿಯ ಊರು ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿಮದ ಬೆಟ್ಟ. ತೋಕಿಯೋದಂತೆ ಹತ್ತು ದೇಶಗಳ ಜನ ಓಡಾಡುವ ಜಾಗ ಅಲ್ಲ. ತಂದೆ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದವರು. ಮನೆತನದ ಹೆಸರು ತಾಯಿಯ ಕಡೆಯದು. ಜಪಾನಿ ಭಾಷೆಯಲ್ಲಿ ಹಾಚಿ ಎಂದರೆ ಎಂಟು, ಮುರ ಎಂದರೆ ಹಳ್ಳಿ. ಅಂದರೆ ಎಂಟೂರು! ನಮ್ಮ ಧಾರವಾಡದ ಕಡೆ ಇದ್ದಿದ್ದರೆ 'ಎಂಟೂರ' ಅಂತಲೇ ಅಡ್ಡಹೆಸರು ಬರೆಸುತ್ತಿದ್ದರು. ರುಯಿ ಎಂಬ ಹೆಸರು ಇಟ್ಟದ್ದು ಅಜ್ಜ. ಅಜ್ಜನಿಗೆ ಬೇಸ್‌ಬಾಲ್ ಹುಚ್ಚು. ಆ ಆಟದಲ್ಲಿ ಓಡಿ ಹೋಗಿ ಮುಟ್ಟುವ 'ಬೇಸ್' ಇದೆಯಲ್ಲ, ಅದನ್ನು ಬರೆಯುವ ಅಕ್ಷರವೇ ಈ ರುಯಿ. ಬೆನಿನ್‌ನ ಅಳಿಯ, ಕಪ್ಪು ಮೊಮ್ಮಗ. ಅಜ್ಜ ಮೊಮ್ಮಗನಿಗೆ ತನಗೆ ಪ್ರೀತಿಯಾದ ಆಟದ ಹೆಸರನ್ನೇ ಇಟ್ಟುಬಿಟ್ಟರು. ಈ ಅಜ್ಜನ ಬಗ್ಗೆ ನನಗೆ ಬಹಳ ಗೌರವ. ನಮ್ಮ ಅಪ್ಪಯ್ಯ ಮೊಮ್ಮಗನ ಮುಖ ನೋಡಲು ದಿಲ್ಲಿಗೆ ಹೋಗಿದ್ದು ಹುಡುಗನಿಗೆ ನಾಲ್ಕು ವರ್ಷವಾದ ಮೇಲೆ.

ಅಜ್ಜನ ಆಸೆಯಂತೆ ಹುಡುಗ ಬೇಸ್‌ಬಾಲ್ ಆಡಿದ. ಆಮೇಲೆ ಬಿಟ್ಟ. ಅಲ್ಲಿಯ ಶಾಲೆಯಲ್ಲಿ ಅವನಂತೆ ಕಾಣುವವರು ಬೇರೆ ಯಾರು ಇರುತ್ತಾರೆ? ಜನ ನೋಡುವ ರೀತಿಗೆ ಎಲ್ಲಾದರೂ ಅಡಗಿಕೊಳ್ಳೋಣ ಅನಿಸುತ್ತಿತ್ತು ಎಂಬರ್ಥದಲ್ಲಿ ಅವನು ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ಆರಡಿ ಎಂಟಿಂಚು ಬೆಳೆಯಲಿದ್ದ ಹುಡುಗ ಎಲ್ಲಿ ಅಡಗುವುದು, ಪಾಪ.

ಒಕುದಾ ಎಂಬ ಮಾಧ್ಯಮಿಕ ಶಾಲೆಗೆ ಬಂದಾಗ ಗೆಳೆಯನೊಬ್ಬ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಎಳೆದುಕೊಂಡು ಹೋದ. ಅಲ್ಲಿದ್ದವರು ಜೋಜಿ ಸಕಾಮೊಟೊ ಎಂಬ ಕೋಚ್. ಈಗಷ್ಟೇ ಚೆಂಡು ಹಿಡಿಯಲು ಕಲಿತ ಹುಡುಗನಿಗೆ ಅವರು ಹೇಳಿದ್ದು: ನೀನು ಎನ್‌ಬಿಎಗೆ ಹೋಗುತ್ತೀಯ.

ಇದು ಎಂಥ ಮಾತು ಅಂತ ತಿಳಿಯಬೇಕಾದರೆ ಆಗಿನ ಲೆಕ್ಕ ಗೊತ್ತಿರಬೇಕು. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಆಡಿದ್ದ ಜಪಾನಿ ಒಬ್ಬನೇ, ಯುತಾ ತಬುಸೆ. 2004ರಲ್ಲಿ ಫೀನಿಕ್ಸ್ ತಂಡಕ್ಕೆ ಆಡಿದ್ದು ಬರೀ ನಾಲ್ಕು ಪಂದ್ಯ. ಅಷ್ಟೇ ಬಂಡವಾಳ! ಅಂಥಾ ದೇಶದ ಒಂದು ಸಣ್ಣ ಊರಿನ ಮೇಷ್ಟ್ರು ಹದಿಮೂರು ವರ್ಷದ ಹುಡುಗನಿಗೆ ಹೀಗೆ ಹೇಳುವುದೆಂದರೆ, ಯಾವ ಅಡಮಾನವೂ ಇಲ್ಲದೆ ದೊಡ್ಡ ಸಾಲ ಮಂಜೂರು ಮಾಡಿದ ಹಾಗೆ. ನಾನಾಗಿದ್ದರೆ ಆ ಫೈಲಿಗೆ ಸಹಿ ಹಾಕುತ್ತಿರಲಿಲ್ಲ. ಹುಡುಗ ಮಾತ್ರ ಅದನ್ನು ನಂಬಿಬಿಟ್ಟ.

ಮುಂದೆ ಸೆಂಡಾಯ್ ನಗರದ ಮೇಸೇ ಹೈಸ್ಕೂಲು. 2011ರ ಭೂಕಂಪ, ಸುನಾಮಿಯ ಹೊಡೆತ ತಿಂದ ಪ್ರದೇಶ ಅದು. ಅಲ್ಲಿಯ ಕೋಚ್ ಹಿಸಾವೊ ಸಾತೊ ಕಟ್ಟುನಿಟ್ಟಿನ ಮನುಷ್ಯ, 2023ರಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಮೇಸೇ ತಂಡ ಜಪಾನಿನ ಹೈಸ್ಕೂಲುಗಳ ದೊಡ್ಡ ಪಂದ್ಯಾವಳಿಯಾದ ವಿಂಟರ್ ಕಪ್ಪನ್ನು 2013, 2014, 2015ರಲ್ಲಿ ಸತತ ಮೂರು ಸಲ ಗೆದ್ದಿತು. ರುಯಿ ಮೂರರಲ್ಲೂ ಇದ್ದ.

ಆದರೆ ನನಗೆ ಇಷ್ಟವಾಗುವುದು ಗೆದ್ದ ಲೆಕ್ಕವಲ್ಲ, ಸೋತ ಒಂದು ಪಂದ್ಯದ ಲೆಕ್ಕ. 2014ರಲ್ಲಿ ದುಬೈನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವ ಪಂದ್ಯಾವಳಿ ನಡೆಯಿತು. ಅಮೆರಿಕದ ಮೇಲೆ ಜಪಾನ್ ಸೋತದ್ದು 122-38. ಇದನ್ನು ಸೋಲು ಅನ್ನುವುದೂ ಕಷ್ಟ, ಮುಳುಗಡೆ ಅನ್ನಬೇಕು. ಆದರೆ ಆ 38ರಲ್ಲಿ 25 ಅಂಕ ಒಬ್ಬನೇ ಹುಡುಗನದು! ಉಳಿದ ತಂಡವೆಲ್ಲ ಸೇರಿ 13. ಆ ಪಂದ್ಯಾವಳಿಯಲ್ಲಿ ಎಲ್ಲ ದೇಶಗಳ ಆಟಗಾರರ ಪೈಕಿ ಸರಾಸರಿಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನೂ ಅವನೇ. ಅಮೆರಿಕದ ಕಾಲೇಜುಗಳವರು ಕಣ್ಣರಳಿಸಿ ನೋಡಿದ್ದು ಆಗಲೇ.

2016ರಲ್ಲಿ ಗೊಂಝಾಗಾ ವಿಶ್ವವಿದ್ಯಾಲಯಕ್ಕೆ ಹೋದ. ಅಮೆರಿಕದ ವಾಯವ್ಯ ಮೂಲೆಯ ಸ್ಪೋಕ್ಯಾನ್ ಎಂಬ ಊರು. ಇಂಗ್ಲಿಷ್ ಹೆಚ್ಚುಕಡಿಮೆ ಬರುತ್ತಲೇ ಇರಲಿಲ್ಲ. ಕೋಚ್ ಮಾರ್ಕ್ ಫ್ಯೂ ಹೇಳಿದ್ದು ಅರ್ಥವಾಗದೆ ಮೊದಲ ವರ್ಷ ಬೆಂಚಿನ ಮೇಲೆ ಕೂತದ್ದೇ ಹೆಚ್ಚು, ಪಂದ್ಯಕ್ಕೆ ಐದು ನಿಮಿಷವೂ ಆಟ ಸಿಗಲಿಲ್ಲ. 1990ರಲ್ಲಿ ನಾನು ಮುಂಬಯಿಗೆ ಬಂದಾಗ ಕೌಂಟರಿನ ಆಚೆಯಿಂದ ಮರಾಠಿಯಲ್ಲಿ ಬೈದರೂ ತಲೆಯಾಡಿಸಿ ನಗುತ್ತಿದ್ದೆ. ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ನನಗೆ ಲೆಡ್ಜರಾದರೂ ಇಂಗ್ಲಿಷಿನಲ್ಲಿತ್ತು, ಅವನಿಗೆ ಅದೂ ಇಲ್ಲ.

ಅಮೆರಿಕದಲ್ಲಿ ಒಂದು ತಮಾಷೆ ಆಯಿತು ನೋಡಿ. ತೊಯಾಮಾದಲ್ಲಿ ಅವನ ಬಣ್ಣವೇ ವಿಚಿತ್ರ. ಸ್ಪೋಕ್ಯಾನ್‌ನಲ್ಲಿ ತಂಡದಲ್ಲಿ ಕಪ್ಪು ಹುಡುಗರು ಬೇಕಾದಷ್ಟು, ಬಣ್ಣ ಯಾರಿಗೂ ವಿಶೇಷವಲ್ಲ. ಬಾಯಿ ತೆಗೆದಾಗ ಮಾತ್ರ ವಿಚಿತ್ರ. ಅಲ್ಲಿ ಅವನು ಅಪ್ಪಟ ಜಪಾನಿ! ಅವನ ಆಟ ನೋಡಲು ಜಪಾನಿನ ಪತ್ರಕರ್ತರು ಆ ಸಣ್ಣ ಊರಿಗೆ ಬರತೊಡಗಿದರು. ಮೂರನೇ ವರ್ಷ ಪಂದ್ಯಕ್ಕೆ ಸರಾಸರಿ 19.7 ಅಂಕ. 2018ರ ನವೆಂಬರಿನಲ್ಲಿ ಹವಾಯಿ ದ್ವೀಪದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಬಲಾಢ್ಯ ತಂಡವನ್ನು ಗೊಂಝಾಗಾ 89-87ರಿಂದ ಸೋಲಿಸಿದಾಗ ಇವನದು 20 ಅಂಕ.

2019ರ ಜೂನ್ 20. ಎನ್‌ಬಿಎ ತಂಡಗಳು ಹೊಸ ಹುಡುಗರನ್ನು ಆರಿಸುವ ದಿನ. ವಾಷಿಂಗ್ಟನ್ ವಿಝರ್ಡ್ಸ್ ತಂಡ ಒಂಬತ್ತನೆಯವನಾಗಿ ರುಯಿ ಹಾಚಿಮುರನನ್ನು ಕರೆಯಿತು. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಮೊದಲ ಜಪಾನಿ. (ನಮ್ಮ ಪಂಜಾಬಿನ ಸತ್ನಾಮ್ ಸಿಂಗನನ್ನು 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತ್ತು. ಎನ್‌ಬಿಎ ಪಂದ್ಯದಲ್ಲಿ ಆಡುವ ಯೋಗ ಅವನಿಗೆ ಬರಲೇ ಇಲ್ಲ. ಬಂದಿದ್ದರೆ ನಾವೂ ಎಷ್ಟು ಕುಣಿಯುತ್ತಿದ್ದೆವು!) ಮೊದಲ ವರ್ಷ ಪಂದ್ಯಕ್ಕೆ 13.5 ಅಂಕ ಗಳಿಸಿ ಹೊಸಬರ ಎರಡನೇ ಶ್ರೇಷ್ಠ ತಂಡದಲ್ಲಿ ಜಾಗ ಪಡೆದ.

ಇಲ್ಲಿಯವರೆಗೆ ಇದು ಎಲ್ಲ ಕ್ರೀಡಾ ಪುಟಗಳಲ್ಲೂ ಸಿಗುವ ಕಥೆ. ಬಡ ಹುಡುಗ, ಒಳ್ಳೆಯ ಮೇಷ್ಟ್ರು, ಕಷ್ಟ, ಗೆಲುವು. ನನ್ನ ಅಳಿಯ ಗೋಡೆಗೆ ಚಿತ್ರ ಅಂಟಿಸಿದ್ದು ಇದಕ್ಕಲ್ಲ ಅಂತ ಗೊತ್ತಾದದ್ದು ಆಮೇಲೆ. ಅವನಿಗೆ ಮುಖ್ಯವಾದದ್ದು 2021.

ಆ ವರ್ಷದ ಮೇ ತಿಂಗಳಲ್ಲಿ ರುಯಿಯ ತಮ್ಮ, ಅವನೂ ಬ್ಯಾಸ್ಕೆಟ್‌ಬಾಲ್ ಆಟಗಾರನೇ, ತನಗೆ ಬಂದ ಒಂದು ಸಂದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಿದ. ಬಣ್ಣ ಹಿಡಿದು ಬೈದ ಹೊಲಸು ಮಾತುಗಳು. ಜಪಾನಿನಲ್ಲಿ ವರ್ಣಭೇದ ಇಲ್ಲವೆನ್ನುವವರು ಇದನ್ನು ನೋಡಲಿ ಅಂತ ತಮ್ಮ ಬರೆದ. ಅಣ್ಣ ಅದರ ಕೆಳಗೆ, ಇಂಥವು ನಮಗೆ ಹೆಚ್ಚುಕಡಿಮೆ ದಿನಾ ಬರುತ್ತವೆ ಅಂದ. ಎನ್‌ಬಿಎಯಲ್ಲಿ ಎರಡು ವರ್ಷ ಆಡಿ, ದೇಶದ ಮಕ್ಕಳೆಲ್ಲ ಅವನ ಹೆಸರಿನ ಅಂಗಿ ಹಾಕಿಕೊಳ್ಳುವ ಹೊತ್ತಿಗೂ, ದಿನಾ.

ಜುಲೈ 23ರಂದು ತೋಕಿಯೋ ಒಲಿಂಪಿಕ್ಸ್ ಉದ್ಘಾಟನೆ. ಕೋವಿಡ್‌ನಿಂದಾಗಿ ಒಂದು ವರ್ಷ ತಡವಾದದ್ದು, ಪ್ರೇಕ್ಷಕರಿಲ್ಲದ ಕ್ರೀಡಾಂಗಣ. ಜಪಾನಿನ ಧ್ವಜ ಹಿಡಿದು ಮುಂದೆ ನಡೆದವರು ಇಬ್ಬರು: ಕುಸ್ತಿಪಟು ಯುಯಿ ಸುಸಾಕಿ ಮತ್ತು ರುಯಿ ಹಾಚಿಮುರ. ಜ್ಯೋತಿ ಹಚ್ಚಿದವಳು ಟೆನಿಸ್ಸಿನ ನವೋಮಿ ಒಸಾಕಾ. ಅವಳ ತಂದೆ ಹೈಟಿ ದೇಶದವರು, ತಾಯಿ ಜಪಾನಿನವರು. ಆ ರಾತ್ರಿ ಜಪಾನು ಜಗತ್ತಿಗೆ ತೋರಿಸಿದ ಎರಡು ದೊಡ್ಡ ಮುಖಗಳೂ ಅಲ್ಲಿಯವರು 'ಹಾಫು' ಎಂದು ಕರೆಯುವ ಮುಖಗಳು. ಇಂಗ್ಲಿಷಿನ ಹಾಫ್ ಶಬ್ದವೇ, ಅರ್ಧ ಅಂತ. 2015ರಲ್ಲಿ ಅರಿಯಾನಾ ಮಿಯಾಮೊಟೊ ಎಂಬ ಹುಡುಗಿ, ತಂದೆ ಅಮೆರಿಕದ ಕಪ್ಪು ಜನಾಂಗದವರು, ಮಿಸ್ ಯೂನಿವರ್ಸ್ ಜಪಾನ್ ಆದಾಗ ಇವಳು ಜಪಾನಿಯೇ ಅಲ್ಲ ಎಂದು ಕೂಗೆದ್ದಿತ್ತು. ಆರು ವರ್ಷಗಳಲ್ಲಿ ಧ್ವಜ ಕೈಗೆ ಬಂತು. ಬದಲಾವಣೆ ಆಗಿಲ್ಲ ಅನ್ನುವ ಹಾಗಿಲ್ಲ. ಆದರೆ ಒಸಾಕಾ ಮೂರನೇ ಸುತ್ತಿನಲ್ಲಿ ಸೋತ ಕೂಡಲೇ, ಇವಳಿಗೆ ಯಾಕೆ ಜ್ಯೋತಿ ಕೊಟ್ಟರು ಎಂದವರೂ ಇದ್ದರು.

ಬ್ಯಾಸ್ಕೆಟ್‌ಬಾಲಿನಲ್ಲಿ ಜಪಾನ್ ಮೂರೂ ಪಂದ್ಯ ಸೋತಿತು. ಸ್ಲೊವೇನಿಯಾ ವಿರುದ್ಧ ರುಯಿ ಒಬ್ಬನೇ 34 ಅಂಕ ಗಳಿಸಿದ, ಆದರೂ ಸೋಲು 116-81. ಮತ್ತೆ ಅದೇ ದುಬೈ ಲೆಕ್ಕ.

ಆಮೇಲೆ ಸೆಪ್ಟೆಂಬರು. ಎನ್‌ಬಿಎ ತಂಡಗಳ ತರಬೇತಿ ಶಿಬಿರ ಶುರುವಾದಾಗ ರುಯಿ ಬರಲಿಲ್ಲ. ವೈಯಕ್ತಿಕ ಕಾರಣ ಎಂದಷ್ಟೇ ವಿಝರ್ಡ್ಸ್ ತಂಡ ಹೇಳಿತು. ಪಂದ್ಯಗಳು ಶುರುವಾದವು, ಅವನಿಲ್ಲ. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. 39 ಪಂದ್ಯಗಳಾದ ಮೇಲೆ, 2022ರ ಜನವರಿ 9ರಂದು ಅಂಗಳಕ್ಕಿಳಿದ. ಒಲಿಂಪಿಕ್ಸ್ ಆದ ಮೇಲೆ ಮನಸ್ಸಿಗೆ ಬಿಡುವು ಬೇಕಿತ್ತು ಎಂಬಷ್ಟು ಹೇಳಿ ಸುಮ್ಮನಾದ. ಮೇ ತಿಂಗಳ ಸಂದೇಶ, ಜುಲೈಯ ಧ್ವಜ, ಸೆಪ್ಟೆಂಬರಿನ ಖಾಲಿ ಜಾಗ, ಇವುಗಳಿಗೆ ಒಂದಕ್ಕೊಂದು ಸಂಬಂಧ ಇದೆ ಅಂತ ಅವನು ಎಲ್ಲೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮೂರೂ ಒಂದೇ ಖಾತೆಯ, ಒಂದೇ ವರ್ಷದ ನಮೂದುಗಳು. ನೋಡಿದವರಿಗೆ ಕಾಣುತ್ತದೆ.

ನಮ್ಮ ಕಾಲದಲ್ಲಿ ಮನಸ್ಸು ಸರಿಯಿಲ್ಲ ಅಂತ ರಜೆ ಅರ್ಜಿ ಬರೆದವರನ್ನು ನಾನು ಕಂಡಿಲ್ಲ. ಜ್ವರ, ಹೊಟ್ಟೆನೋವು, ಅಜ್ಜಿಯ ತಿಥಿ, ಇಷ್ಟೇ. ಕೋಟಿಗಟ್ಟಲೆ ಸಂಬಳದ ಹುಡುಗ ಮೂರು ತಿಂಗಳ ಆಟ ಬಿಟ್ಟು ಕೂತ ಅಂದಾಗ ಮೊದಲು ನನಗೆ ಸೋಜಿಗವೇ ಆಯಿತು. ಅಳಿಯ ಮಾತ್ರ ಬಹಳ ಸಲೀಸಾಗಿ, "ಮಾವ, ಅವ ಮಾಡದ್ ಸರಿ. ನಂಗೂ ಹಾಂಗ್ ಆಪ್ದಿತ್ತ್" ಅಂದ. ನನಗೂ ಹಾಗೆ ಆಗುವುದಿದೆ ಅಂತ. ಹೇಳಿ ಚಟ್ನಿ ಹಾಕಿಸಿಕೊಂಡ.

ಏನಾಗುವುದು ಅಂತ ನಾನು ಆಮೇಲೆ ವಿಚಾರಿಸಿದೆ, ಒಂದೇ ದಿನದಲ್ಲಿ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಒಂದು ಬ್ಯಾಂಕಿನಲ್ಲಿ (ನಮ್ಮದಲ್ಲ) ಉಳಿತಾಯ ಖಾತೆ ತೆರೆಯಲು ಹೋದರೆ ಆಧಾರ್ ಕಾರ್ಡ್ ನೋಡಿದ ಮೇಲೂ ಪಾಸ್‌ಪೋರ್ಟ್, ವೀಸಾ ಕೇಳಿದ್ದರಂತೆ. ಲೋಕಲ್ ಟ್ರೇನಿನಲ್ಲಿ ಕೋವಿಡ್ ಹೆಸರು ಹಿಡಿದು ಕರೆದದ್ದು, ಆಟದ ಮೈದಾನದಲ್ಲಿ ಎದುರು ತಂಡದವರು ಕಣ್ಣು ಸಣ್ಣ ಮಾಡಿ ತೋರಿಸಿದ್ದು. ಇದೆಲ್ಲ ನಡೆಯುವಾಗ ಅವನು ನಮ್ಮ ಮನೆಯಲ್ಲೇ ಇದ್ದ, ದಿನಾ ರಾತ್ರಿ ನಮ್ಮ ಜೊತೆಗೇ ಊಟ ಮಾಡುತ್ತಿದ್ದ. "ನಾ ಎಲ್ಲ್ ಹೋರೂ ಕೇಂಬುದ್ ಒಂದೇ ಮಾವ, ನೀ ಎಲ್ಲಿಯವ ಅಂದೇಳಿ" ಅಂದ. ನನ್ನನ್ನೂ ಇದೇ ಊರಲ್ಲಿ ಮೂವತ್ತೈದು ವರ್ಷ ಮದ್ರಾಸಿ ಅಂದಿದ್ದಾರೆ. ಆದರೆ ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಸುಮ್ಮನಿದ್ದರೇ ತೊಂದರೆ.

ಇರಲಿ, ಆಟಕ್ಕೆ ಬರೋಣ. 2023ರ ಜನವರಿ 23ರಂದು ವಿಝರ್ಡ್ಸ್ ತಂಡ ರುಯಿಯನ್ನು ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ತೆಗೆದುಕೊಂಡದ್ದು ಕೆಂಡ್ರಿಕ್ ನನ್ ಎಂಬ ಆಟಗಾರ ಮತ್ತು ಮುಂದಿನ ವರ್ಷಗಳ ಕೆಲವು ಎರಡನೇ ಸುತ್ತಿನ ಆಯ್ಕೆಗಳು. ಎನ್‌ಬಿಎಯಲ್ಲಿ ಇದಕ್ಕೆ ಟ್ರೇಡ್ ಅನ್ನುತ್ತಾರೆ. ನಮ್ಮ ಬ್ಯಾಂಕಿನ ಟ್ರಾನ್ಸ್‌ಫರ್ ಆರ್ಡರಿನ ಅಣ್ಣ ಇದು. ಸಂಜೆ ಕಾಗದ ಬಂತು ಅಂದರೆ ನಾಳೆ ಬೇರೆ ಊರು, ಬೇರೆ ಬಾಸು. ನನಗೆ ಅಹಮದಾಬಾದಿಗೆ ಹಾಕಿದಾಗ ಹದಿನೈದು ದಿನವಾದರೂ ಕೊಟ್ಟಿದ್ದರು. ಆದರೆ ಈ ವರ್ಗಾವಣೆ ಅವನಿಗೆ ಒಳ್ಳೆಯದೇ ಆಯಿತು. ಏಪ್ರಿಲಿನಲ್ಲಿ ಮೆಂಫಿಸ್ ವಿರುದ್ಧ ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಬೆಂಚಿನಿಂದ ಎದ್ದು ಬಂದು 29 ಅಂಕ ಗಳಿಸಿದ. ಅವತ್ತು ನಮ್ಮ ಮನೆಯಲ್ಲಿ ಎದ್ದ ಬೊಬ್ಬೆಗೆ ಕೆಳಗಿನ ಮನೆಯ ಮರಾಠಿ ಆಜಿ ಹತ್ತಿ ಬಂದು ಏನಾಯಿತು ಅಂತ ಕೇಳಿದರು. ಜಪಾನಿನ ಹುಡುಗ ಅಮೆರಿಕದಲ್ಲಿ ಚೆಂಡು ಹಾಕಿದ ಅಂತ ಹೇಳಿದೆ. ಅವರು ನನ್ನನ್ನೇ ಒಮ್ಮೆ ನೋಡಿ ಇಳಿದು ಹೋದರು.

ಅದೇ ವರ್ಷ ಲೇಕರ್ಸ್ ಅವನ ಜೊತೆ ಮೂರು ವರ್ಷಕ್ಕೆ 5.1 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 1.7 ಕೋಟಿ ಡಾಲರ್. ರೂಪಾಯಿಗೆ ಪರಿವರ್ತಿಸಲು ಹೋಗಿ ನಾನೇ ಕ್ಯಾಲ್ಕುಲೇಟರ್ ಕೆಳಗಿಟ್ಟೆ. 2024ರ ಫೆಬ್ರವರಿಯಲ್ಲಿ ಯೂಟಾ ತಂಡದ ವಿರುದ್ಧ 36 ಅಂಕ. ಲೆಬ್ರಾನ್ ಜೇಮ್ಸ್‌ನಂಥವನ ಪಕ್ಕ ಆಡುವಾಗ ಚೆಂಡು ಕೈಗೆ ಸಿಗುವುದೇ ಕಡಿಮೆ. ಸಿಕ್ಕಾಗ ಹಾಕಬೇಕು, ಸಿಗದಿದ್ದಾಗ ಮೂಲೆಯಲ್ಲಿ ಕಾಯಬೇಕು. ದುಬೈನಲ್ಲಿ 38ಕ್ಕೆ 25 ಹಾಕಿದ ಹುಡುಗ ಮೂಲೆಯಲ್ಲಿ ನಿಂತು ಕಾಯಲು ಕಲಿತ. ನನ್ನ ದೃಷ್ಟಿಯಲ್ಲಿ ಅದು ಆ 36 ಅಂಕಗಳಿಗಿಂತ ದೊಡ್ಡದು. ಅಳಿಯ ಒಪ್ಪುವುದಿಲ್ಲ.

ಪ್ಯಾರಿಸ್ ಒಲಿಂಪಿಕ್ಸ್‌ನ ಪಂದ್ಯ ಮಾತ್ರ ಇಬ್ಬರೂ ಒಟ್ಟಿಗೆ ಕೂತು ನೋಡಿದೆವು. 2024ರ ಜುಲೈ 30, ಫ್ರಾನ್ಸ್ ವಿರುದ್ಧ ಜಪಾನ್, ಲಿಲ್ ನಗರದಲ್ಲಿ. ಫ್ರಾನ್ಸಿನ ಕಡೆ ಏಳಡಿ ದಾಟಿದ ವಿಕ್ಟರ್ ವೆಂಬನ್ಯಾಮಾ. ಅವನ ತಂದೆ ಕಾಂಗೋ ಮೂಲದವರು, ತಾಯಿ ಫ್ರೆಂಚರು. ಎರಡೂ ಕಡೆಯ ದೊಡ್ಡ ಆಟಗಾರರು ಎರಡು ನೆಲದವರು. ರುಯಿ 24 ಅಂಕ ಹಾಕಿದ್ದ. ಕೊನೆಯ ಕಾಲುಭಾಗದಲ್ಲಿ ಎರಡನೇ ಅನುಚಿತ ಫೌಲ್ ಕೊಟ್ಟು ಅವನನ್ನು ಹೊರಗೆ ಕಳಿಸಿದರು. ನನಗೆ ಅದು ಅಷ್ಟು ದೊಡ್ಡ ತಪ್ಪು ಅಂತ ಈಗಲೂ ಅನಿಸುವುದಿಲ್ಲ. ಅವನಿಲ್ಲದೆಯೂ ಜಪಾನ್ ಗೆಲುವಿನ ಬಾಗಿಲಿಗೆ ಬಂದಿತ್ತು. ಕೊನೆಯ ಸೆಕೆಂಡುಗಳಲ್ಲಿ ಫ್ರಾನ್ಸಿನ ಸ್ಟ್ರಾಝೆಲ್ ದೂರದಿಂದ ಹಾಕಿದ ಚೆಂಡು, ಮೇಲೆ ಒಂದು ಫೌಲ್ ಅಂಕ, ಒಟ್ಟು ನಾಲ್ಕು. ಸಮ ಆಯಿತು. ಹೆಚ್ಚುವರಿ ಆಟದಲ್ಲಿ ಫ್ರಾನ್ಸ್ 94-90. ಆಮೇಲೆ ಮೀನಖಂಡದ ನೋವಿನಿಂದ ರುಯಿ ಮುಂದಿನ ಪಂದ್ಯ ಆಡಲೇ ಇಲ್ಲ.

ಆ ನವೆಂಬರಿನಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಜಪಾನಿನ ಬ್ಯಾಸ್ಕೆಟ್‌ಬಾಲ್ ಸಂಘವನ್ನು ಬಹಿರಂಗವಾಗಿ ಟೀಕಿಸಿದ. ಆಟಗಾರರಿಗಿಂತ ಹಣವೇ ಮುಖ್ಯವಾಗಿದೆ ಎಂದ. ರಾಷ್ಟ್ರೀಯ ತಂಡದ ಕೋಚ್ ಆಯ್ಕೆಯ ಬಗ್ಗೆಯೂ ಅಸಮಾಧಾನ ಹೇಳಿದ. ಆಗಿನ ಕೋಚ್ ಟಾಮ್ ಹೊವಾಸ್, ಅಮೆರಿಕದವರು, ಜಪಾನಿ ಭಾಷೆಯಲ್ಲೇ ಪಾಠ ಹೇಳುವವರು, ತೋಕಿಯೋದಲ್ಲಿ ಜಪಾನಿನ ಮಹಿಳೆಯರಿಗೆ ಬೆಳ್ಳಿ ತಂದುಕೊಟ್ಟವರು. ಅವರ ವಿಷಯದಲ್ಲಿ ರುಯಿ ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗುವ ಸಂಗತಿಯಲ್ಲ. ಆದರೆ ಆ ಸುದ್ದಿ ಓದಿ ನನಗೆ ಒಂಥರಾ ಖುಷಿಯಾಯಿತು. ನೆಂಟರ ಮನೆಗೆ ಹೋದವರು ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಉಂಡು ಏಳುತ್ತಾರೆ. ಇವನು ಎದ್ದು ನಿಂತು ಉಪ್ಪು ಕಡಿಮೆ ಅಂದ. ಧ್ವಜ ಹಿಡಿದು ನಡೆದದ್ದಕ್ಕಿಂತ ಈ ಜಗಳದಲ್ಲೇ ಅವನು ನನಗೆ ಹೆಚ್ಚು ಜಪಾನಿಯಾಗಿ ಕಂಡ. ಇದನ್ನು ಅಳಿಯನಿಗೆ ಹೇಳಿದೆ. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ.

ಕಳೆದ ವರ್ಷ, 2025ರಲ್ಲಿ, ಅವನ ಡಿಗ್ರಿ ಮುಗಿಯಿತು. ಅವನ ಚಿಕ್ಕಪ್ಪ ಐಜಾಲ್‌ನಿಂದ ಫೋನು ಮಾಡಿ, ಇಲ್ಲಿ ಬಂದು ಒಂದು ಕ್ಲಬ್ಬಿಗೆ ಆಡು ಅಂದರು. ಮಿಜೋರಾಂನವರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣವಂತೆ. ತಂಗಿಗೆ ಅವನು ಎಂಬಿಎ ಮಾಡಲಿ ಅಂತ. ನನ್ನನ್ನು ಕೇಳಿದರು. ನಾನು ಬ್ಯಾಂಕಿನವನು, ಎರಡು ವರ್ಷ ಆಡಲಿ, ಆಮೇಲೆ ನೋಡೋಣ ಎಂದು ನಡುವಿನ ದಾರಿ ಹೇಳಿದೆ. ನಿಜ ಹೇಳಬೇಕೆಂದರೆ, ಅವನಂಥದೇ ಮುಖಗಳಿರುವ ಊರಿನಲ್ಲಿ ಸ್ವಲ್ಪ ದಿನ ಯಾರೂ ಏನೂ ಕೇಳದೆ ನಡೆದಾಡಲಿ ಅನ್ನುವ ಆಸೆಯೂ ನನಗಿತ್ತು.

ಹೋಗಿ ಒಂದು ತಿಂಗಳಿಗೆ ಫೋನು ಮಾಡಿದ. ಆಟ ಚೆನ್ನಾಗಿದೆ, ಜನ ಕಿಕ್ಕಿರಿದು ಬರುತ್ತಾರೆ, ಚಳಿ ಅಂದ. ಮಿಜೋ ಭಾಷೆ ತಡವರಿಸುತ್ತದಂತೆ. ಹೊರಗಿನವರಿಗೆ ಅಲ್ಲಿ 'ವಾಯ್' ಅನ್ನುತ್ತಾರೆ. ಎದುರು ತಂಡದ ಕಡೆಯವರು ಇವನು ಚೆಂಡು ಹಿಡಿದಾಗಲೆಲ್ಲ ಅದನ್ನೇ ಕೂಗುತ್ತಾರಂತೆ.

"ಮತ್ತೆ? ನೀನು ಎಂತ ಮಾಡಿದೆ?" ಅಂತ ಕೇಳಿದೆ.

"ಎಂತ ಮಾಡುದ್ ಮಾವ, ಹದಿನಾಲ್ಕ್ ಪಾಯಿಂಟ್ ಮಾಡ್ದೆ" ಅಂದ. ಆಮೇಲೆ ಅತ್ತೆಗೆ ಫೋನು ಕೊಡಲು ಹೇಳಿದ. ಮಾವಿನ ಮಿಡಿ ಉಪ್ಪಿನಕಾಯಿ ಖಾಲಿಯಾಗಿದೆ, ಚಿಕ್ಕಪ್ಪನ ಮನೆಯವರೇ ಅರ್ಧ ತಿಂದು ಮುಗಿಸಿದರು, ಇನ್ನೊಂದು ಬಾಟಲಿ ಪಾರ್ಸೆಲ್ ಮಾಡಬೇಕಂತೆ.